ಕುಂಯ್ ಎನ್ನದೆ ಹೆತ್ತವಳು

ನವೆಂಬರ್ 10, ಭಾನುವಾರ

ಇಂದಿನಿಂದ ನಮ್ಮ ಮನೆಯಲ್ಲಿ ಉಸಿರಾಡುವ ಪಾಠ ಶುರುವಾಗಿದೆ.

ಮೂವತ್ತು ವರ್ಷ ಕೊಟ್ಟೂರಿನ ಹೈಸ್ಕೂಲಿನಲ್ಲಿ ಹೆಣ್ಣುಮಕ್ಕಳಿಗೆ ಗಣಿತ ಕಲಿಸಿದ್ದೇನೆ. ಎಂಥೆಂಥ ದಡ್ಡಿಯರು ನನ್ನ ಕೈಕೆಳಗೆ ಪಾಸಾಗಿ ಹೋಗಿದ್ದಾರೆ. ಉಸಿರಾಡುವುದು ಹೇಗೆ ಎಂದು ಕೇಳಿಕೊಂಡು ಬಂದವಳು ಮಾತ್ರ ಒಬ್ಬಳೂ ಇರಲಿಲ್ಲ. ಆ ಹೆಗ್ಗಳಿಕೆ ನನ್ನ ಸೊಸೆಗಾಗಿ ಕಾದಿತ್ತು.

ಅಮೃತಾಗೆ ಏಳು ತಿಂಗಳು ತುಂಬಿದೆ. ಚೊಚ್ಚಲು ತವರಿನಲ್ಲಿ ಆಗಬೇಕು. ಆದರೆ ಅವಳ ತಾಯಿ ಹೋದ ವರ್ಷದ ಹಿಂದಿನ ವರ್ಷ ತೀರಿಕೊಂಡಳು. ತವರೂರು ಮಾಗಳದಲ್ಲಿ ಉಳಿದವರು ಬೀಗರು ಏಕಾಂತಪ್ಪನವರೊಬ್ಬರೇ, ಅವರಿಗೆ ಅನ್ನಕ್ಕೆ ಎಸರಿಡಲೂ ಬಾರದು. ಹಾಗಾಗಿ ಹೆರಿಗೆ, ಬಾಣಂತನ ಎರಡೂ ನನ್ನ ಕೊರಳಿಗೆ ಬಿದ್ದಿವೆ.

ಕೂಡ್ಲಿಗಿ ತಾಲ್ಲೂಕು ಕಚೇರಿಯ ಕೆಲಸಕ್ಕೆ ರಜೆ ಹಾಕಿ ಕೂತಾಗಿನಿಂದ ಅವಳು ಮೊಬೈಲಿನಲ್ಲಿ ಹೆರಿಗೆ ನೋಡುತ್ತಾಳೆ. ಬೇರೆಯವರದ್ದು. ನೋಡಿ ನೋಡಿ ಒಂದು ತೀರ್ಮಾನಕ್ಕೆ ಬಂದಿದ್ದಾಳೆ: ನೋವಿನ ಔಷಧಿ ಯಾವುದನ್ನೂ ತೆಗೆದುಕೊಳ್ಳದೆ ಹೆರುತ್ತಾಳಂತೆ. ಬೆನ್ನಿಗೂ ಸೂಜಿ ಬೇಡ, ಸೊಂಟಕ್ಕೂ ಸೂಜಿ ಬೇಡ. ಅದಕ್ಕೆ ತಯಾರಿ ಮಾಡಿಕೊಳ್ಳಬೇಕಂತೆ.

"ಅತ್ತಿ, ಹಡಿಯೋದು ಹೆಂಗಂತ ಮೈಗೆ ಗೊತ್ತಿರ್ತೈತಂತ್ರಿ. ನಾವು ಅಡ್ಡ ಬರಬಾರ್ದು, ಅಷ್ಟ," ಅಂದಳು.

"ಬೆನ್ನಿಗೆ ಸೂಜಿ ಹಾಕೋ ಡಾಕ್ಟರು ನಮ್ಮ ಕಡಿ ಎಲ್ಲಿ ಅದಾನವಾ? ದಾವಣಗೆರಿಗೆ ಹೋಗಬೇಕು. ಇಲ್ಲದ್ದನ್ನ ಬ್ಯಾಡ ಅನ್ನೋದು ಯಾವ ದೊಡ್ಡಸ್ತನ?" ಅಂದೆ.

ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯ ಹೆಂಗಸರೆಲ್ಲ ಔಷಧಿ ಇಲ್ಲದೆಯೇ ಹೆತ್ತವರು. ಅದಕ್ಕೊಂದು ಪಾಠವಿದೆ, ಪಾಠಕ್ಕೊಬ್ಬಳು ಟೀಚರಿದ್ದಾಳೆ ಎಂಬುದು ಪಾಪ ಅವರಿಗೆ ತಿಳಿದಿರಲಿಲ್ಲ.

ಟೀಚರ್ ಎಂದರೆ ಪ್ರಿಯಾ ಎಂಬ ಹುಡುಗಿ. ಹರಪನಹಳ್ಳಿಯ ಒಂದು ನರ್ಸಿಂಗ್ ಹೋಮಿನಲ್ಲಿ ಫಿಸಿಯೋಥೆರಪಿ ಮಾಡುತ್ತಾಳೆ, ಅಮೃತಾ ತೋರಿಸಿಕೊಳ್ಳುವುದೂ ಅಲ್ಲೇ. ಊರು ಹೊಸಹಳ್ಳಿ, ಅಪ್ಪನ ಹೆಸರು ಹುಲುಗೇಶ್ ಅಂದಳು. ಯಾವ ಓಣಿ ಎಂದು ಕೇಳಿದೆ. ಹೇಳಿದಳು. ಮುಂದೆ ಕೇಳಲಿಲ್ಲ. ಜೀನ್ಸ್ ಪ್ಯಾಂಟು, ಸ್ಕೂಟರು, ತಡವಾಗಿ ಬಂದದ್ದಕ್ಕೆ ಒಂದು 'ಸಾರಿ ಮೇಡಂ'. ಚಹಾ ಪೇಪರ್ ಕಪ್ಪಿನಲ್ಲಿ ಕೊಟ್ಟೆ. ತೊಳೆಯುವ ಕೆಲಸ ತಪ್ಪಿತು.

ಪಾಠಕ್ಕೆ ಜೊತೆಗಾರರು ಬೇಕಂತೆ. ಮಗ ಸೋಮಶೇಖರ್ ಕೂತ. "ಕಣ್ಣು ಮುಚ್ಚಿ ಹೊಟ್ಟಿತುಂಬ ಉಸಿರು ತಗೊಳ್ರಿ" ಎಂದಾಗ ಅವನಿಗೆ ನಗು ತಡೆಯಲಿಲ್ಲ. ಅಂಗಡಿಯಿಂದ ಫೋನು ಬಂತೆಂದು ಎದ್ದುಹೋದ. ಅವನದು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ. ಭಾನುವಾರ ಅದರ ಬಾಗಿಲು ಮುಚ್ಚಿರುತ್ತದೆ.

ನವೆಂಬರ್ 12, ಮಂಗಳವಾರ

ಚೆಂಡು ಬಂತು. ಗಬ್ಬದ ಎಮ್ಮೆಯ ಹೊಟ್ಟೆಯಷ್ಟು ದಪ್ಪ, ಬದನೆಕಾಯಿ ಬಣ್ಣ. ಅಮೃತಾ ಅದರ ಮೇಲೆ ಕೂತು ಮೆಲ್ಲಗೆ ಕುಣಿಯಬೇಕಂತೆ, ಸೊಂಟ ಸಡಿಲಾಗಲು.

ನಮ್ಮ ಯಜಮಾನರು ಪಂಚಾಕ್ಷರಪ್ಪನವರು ಮಾರುಕಟ್ಟೆ ಸಮಿತಿಯಿಂದ ನಿವೃತ್ತರಾದ ಮರುದಿನವೇ ಟೀವಿಯ ಸುದ್ದಿಗೆ ನೌಕರಿಗೆ ಸೇರಿದವರು. ಅವರೂ ಕಣ್ಣು ತೆಗೆದು ಈ ಕಡೆ ನೋಡಿ, "ಇದಕ್ಕ ಗಾಳಿ ಯಾರು ತುಂಬಿದ್ರು?" ಎಂದು ಕೇಳಿದರು. ಈ ಮನೆಯಲ್ಲಿ ಇವತ್ತು ಹುಟ್ಟಿದ ಬುದ್ಧಿವಂತ ಪ್ರಶ್ನೆ ಅದೊಂದೇ.

ಪಕ್ಕದ ಮನೆಯ ಗೀತಮ್ಮ ಕಾಂಪೌಂಡಿನ ಮೇಲಿಂದ ಇಣುಕಿ, "ಸರ್ಕಸ್ ಕಂಪನಿ ತಗದೀರೇನ್ರಿ ಟೀಚರ್?" ಅಂದಳು. ಬೆಳಿಗ್ಗೆ ನಾನೂ ಅದನ್ನೇ ಅಂದುಕೊಂಡಿದ್ದೆ. ಆದರೆ ಅವಳ ಬಾಯಲ್ಲಿ ಕೇಳಿ ಮೈ ಉರಿಯಿತು. ನನ್ನ ಸೊಸೆಯನ್ನು ಅನ್ನಲು ನಾನಿದ್ದೇನೆ. ಗೀತಮ್ಮನಿಗೆ ಆ ಕೆಲಸ ಯಾರು ಕೊಟ್ಟರು?

ನವೆಂಬರ್ 17, ಭಾನುವಾರ

ಸೋಮಶೇಖರ್ ಇವತ್ತು ಪ್ರಿಯಾಳ ಸ್ಕೂಟರಿನ ಸದ್ದು ಕೇಳುತ್ತಲೇ ಹಿತ್ತಲ ಬಾಗಿಲಿನಿಂದ ಹೋದ. ಗಂಡಸರ ಧೈರ್ಯ.

"ಮೇಡಂ, ನೀವ ಕುಂದರ್ರಿ," ಅಂದಳು ಪ್ರಿಯಾ. ಅವನು ಬರುವ ತನಕ ಎಂದು ಕೂತೆ. ಅವನು ಬರಲಿಲ್ಲ.

ಬ್ಯಾನಿ, ಅಂದರೆ ಹೆರಿಗೆ ನೋವು, ಬಂದಾಗ ಬೆನ್ನ ಕೆಳಗೆ, ಸೊಂಟದ ಎಲುಬಿನ ಹತ್ತಿರ, ಅಂಗೈ ಊರಿ ಒತ್ತಬೇಕಂತೆ. ಒತ್ತಿದೆ. "ಎಷ್ಟು ಚಲೋ ಒತ್ತಿದ್ರಿ ಮೇಡಂ!" ಅಂದಳು. ಜೀವನವಿಡೀ ಜೋಳದ ಹಿಟ್ಟು ನಾದಿದ ಕೈಗೆ ಈ ಹುಡುಗಿಯ ಸರ್ಟಿಫಿಕೇಟು ಬೇಕಿತ್ತು ನೋಡಿ.

ಆಮೇಲೆ ಬಾಯಿಯ ಪಾಠ. "ಹಲ್ಲು ಬಿಗಿ ಹಿಡದ್ರ ಕೆಳಗೂ ಬಿಗಿತೈತಿ. ಬಾಯಿ ಸಡಲ ಬಿಡಬೇಕು. ಕೂಗಬೇಕನಿಸಿದ್ರ ಕೂಗಬೇಕು. ಚೀರೋದಲ್ಲ ಮತ್ತ. ಹೊಟ್ಟಿಯಿಂದ, ದಪ್ಪ ದನಿಲೆ, ಎಮ್ಮಿ ಒದರಿದಂಗ."

ಅಮೃತಾ ನಾಚಿಕೊಂಡೇ ಒಂದು ಸಲ ಒದರಿದಳು. ಸರ್ಕಾರಿ ನೌಕರಿಯವಳು! ಎರಡನೆಯ ಸಲಕ್ಕೆ ದನಿ ದೊಡ್ಡದಾಯಿತು. ಓಣಿಗೆ ಕೇಳಿಸುವಂತಿತ್ತು.

"ನಾ ಸೋಮೂನ ಹಡದಾಗ ಕುಂಯ್ ಅನ್ನಲಿಲ್ಲ," ಅಂದೆ. "ಬಾಗಳಿಗೆ ಹೋಗಿ ಯಾರನ್ನ ಬೇಕಾದ್ರೂ ಕೇಳ್ರಿ. ನಮ್ಮ ತವರಿನಾಗ ಈಗಲೂ ಹೇಳ್ತಾರ."

ಪ್ರಿಯಾ ನನ್ನ ಮುಖ ನೋಡಿದಳು. ಅಮೃತಾ ಬಾಯಿ ಮುಚ್ಚಿದಳು. ಒಂದು ಒಳ್ಳೆಯ ಮಾತಿಗೆ ಅಷ್ಟು ಶಕ್ತಿ ಇರುತ್ತದೆ.

ನವೆಂಬರ್ 24, ಭಾನುವಾರ

ಇವತ್ತು ಐಸಿನ ಪಾಠ. ಫ್ರಿಜ್ಜಿನಿಂದ ಐಸ್ ತುಂಡು ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡು, ಆ ಕೊರೆತದ ನಡುವೆ ಉಸಿರು ಬಿಡುವುದನ್ನು ಕಲಿಯಬೇಕಂತೆ. ಮಕ್ಕಳಾಟ. ಹೆರಿಗೆಯ ನೋವಿಗೂ ಐಸ್ ತುಂಡಿಗೂ ಏನು ಸಂಬಂಧ? ಸಮುದ್ರಕ್ಕೆ ಇಳಿಯುವ ಮುಂಚೆ ಬಚ್ಚಲಲ್ಲಿ ಕಾಲು ತೊಳೆದಂತೆ.

ಮೂವರೂ ಹಿಡಿದೆವು. ಅಮೃತಾ ಮೊದಲು ಬಿಟ್ಟಳು. ಆಮೇಲೆ ಪ್ರಿಯಾ. ನನ್ನ ಮುಷ್ಟಿಯಲ್ಲಿ ಐಸು ಕರಗಿ ನೀರಾಗುವ ತನಕ ನಾನು ಬಿಡಲಿಲ್ಲ. ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಮೇಡಂ, ನೀವು ಉಸಿರ ಬಿಡಲಿಲ್ಲಲ್ರಿ," ಅಂದಳು ಪ್ರಿಯಾ. "ಅವಾಗಿಂದ ಹಿಡಕೊಂಡ ಕುಂತೀರಿ."

ಇರಬಹುದು. ಗೆದ್ದದ್ದು ನಾನೇ.

ನವೆಂಬರ್ 28, ಗುರುವಾರ

ಬೆಳಿಗ್ಗೆ ರೊಟ್ಟಿ ಬಡಿಯಲು ಕೂತವಳಿಗೆ ಏಳುವಾಗ ಮೊಣಕಾಲು ಹಿಡಿಯಿತು. ಹೇಗಿದ್ದರೂ ಯಾರೂ ಇರಲಿಲ್ಲವೆಂದು, ಆ ಹುಡುಗಿ ಹೇಳಿದಂತೆ ಬಾಯಿಂದ ಉದ್ದಕ್ಕೆ ಉಸಿರು ಬಿಟ್ಟು ನೋಡಿದೆ. ಏನೂ ಆಗಲಿಲ್ಲ. ಸ್ವಲ್ಪ ಆಯಿತು. ವಯಸ್ಸಾದವರ ನೋವು ತಾನಾಗಿ ಬಂದು ತಾನಾಗಿ ಹೋಗುತ್ತದೆ, ಅದಕ್ಕೆ ಪ್ರಿಯಾ ಕಾರಣಳಲ್ಲ.

ಡಿಸೆಂಬರ್ 8, ಭಾನುವಾರ

ಅಮೃತಾಳ ಕುಬ್ಬಸ, ಸೀಮಂತ, ಮುಗಿಯಿತು. ಹಸಿರು ಸೀರೆ, ಹಸಿರು ಬಳೆ, ಮಡಿಲು ತುಂಬುವುದು, ಎಲ್ಲ ಮಾಡಿದೆ. ತಾಯಿ ಇಲ್ಲದವಳು ಎಂದು ಯಾರೂ ಲೊಚಗುಟ್ಟಬಾರದು.

ಆದರೆ ಬಂದ ಹೆಂಗಸರ ಬಾಯಿ! ಉಂಡು ಎಲೆ ಮಡಚುವಷ್ಟರಲ್ಲಿ ಶುರು ಹಚ್ಚಿಕೊಂಡರು. ಒಬ್ಬಳಿಗೆ ಎರಡು ದಿನ ಬ್ಯಾನಿಯಂತೆ. ಇನ್ನೊಬ್ಬಳಿಗೆ ರಕ್ತ ನಿಲ್ಲಲಿಲ್ಲವಂತೆ. ಬಸುರಿಯ ಮುಂದೆ ಕೂತು, ಕೈಯಲ್ಲಿ ಹೋಳಿಗೆ ಹಿಡಿದುಕೊಂಡು. ಇವರಿಗಿಂತ ಆ ಚೆಂಡು ಮೇಲು, ಅದು ಸುಮ್ಮನಾದರೂ ಇರುತ್ತದೆ.

ಪ್ರಿಯಾ ಬಂದಿದ್ದಳು, ಅಮೃತಾ ಕರೆದಿದ್ದಳಂತೆ. ಸೀರೆ ಉಟ್ಟಿದ್ದಳು. ಬಾಗಿಲ ಹತ್ತಿರ ಗೋಡೆಗೆ ಆನಿಕೊಂಡು ಕೂತಳು. ಗೀತಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, "ಯಾವ ಓಣಿಯರವಾ ನೀವು?" ಅಂದಳು.

"ಅಕಿ ನಮ್ಮ ಅಮೃತಾನ ಟೀಚರ್," ಅಂದೆ ನಾನು. ಅಡ್ಡಬಾಯಿ ಹಾಕುವವಳಲ್ಲ ನಾನು, ಆದರೆ ಮನೆಗೆ ಬಂದವರನ್ನು ವಿಚಾರಣೆ ಮಾಡಲು ಗೀತಮ್ಮ ತಹಶೀಲ್ದಾರಳೇ?

ಪೇಪರ್ ಕಪ್ಪನ್ನು ಯಾವ ಡಬ್ಬಿಯಲ್ಲಿ ಇಟ್ಟಿದ್ದೆನೋ, ಹುಡುಕಲು ಪುರುಸೊತ್ತಿರಲಿಲ್ಲ. ಪ್ರಿಯಾಗೂ ನಮ್ಮ ಸ್ಟೀಲ್ ಲೋಟದಲ್ಲೇ ಕೊಟ್ಟೆ. ಅದನ್ನು ನೋಡಿ ಗೀತಮ್ಮ ತನ್ನ ಲೋಟ ಕೆಳಗಿಟ್ಟಳು. ಇಡಲಿ. ಚಹಾಪುಡಿ ಈಗ ಬಹಳ ತುಟ್ಟಿ.

ಹೊರಡುವಾಗ ಗೀತಮ್ಮ ಅಮೃತಾಳ ಗಲ್ಲ ಹಿಡಿದು, "ನಿಮ್ಮತ್ತಿ ಕುಂಯ್ ಅನ್ನದ ಹಡದಾಕಿ. ನೀನೂ ಹಂಗ ಇರಬೇಕವಾ. ಮನಿತನದ ಮರ್ಯಾದಿ," ಅಂದಳು. ಅವಳು ನನ್ನ ಬಗ್ಗೆ ಇಷ್ಟು ವರ್ಷಗಳಲ್ಲಿ ಆಡಿದ ಒಂದೇ ಒಳ್ಳೆಯ ಮಾತು. ಯಾಕೋ ಖುಷಿಯಾಗಲಿಲ್ಲ.

ಸಂಜೆ ಪಾತ್ರೆ ಜೋಡಿಸುತ್ತಿದ್ದಾಗ ಅಮೃತಾ ಬಂದು ನಿಂತಳು.

"ಅತ್ತಿ, ಖರೇನ ಒಂದ್ಸಲನೂ ಕೂಗಲಿಲ್ಲೇನ್ರಿ?"

"ಇಲ್ಲ."

"ಹೆಂಗ್ರಿ ಅದು?"

"ಹಂಗ," ಅಂದೆ.

ಒಳಗೆ ಹೋದಳು. ಹೇಗೆ ಎಂದು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ನಾಳೆ ಬರೆಯುತ್ತೇನೆ. ಕೈ ಸೋತಿದೆ.

ಡಿಸೆಂಬರ್ 9, ಸೋಮವಾರ

ಹೇಗೆ ಎಂದರೆ ಹೀಗೆ.

ಮೇ ತಿಂಗಳ ಉರಿ. ತವರಿನ ಕಡೆಯ ಒಂದು ಆಸ್ಪತ್ರೆ. ಹೆರಿಗೆ ಕೋಣೆಯಲ್ಲಿ ಎರಡು ಕಬ್ಬಿಣದ ಮೇಜು, ನನ್ನದರ ರೆಕ್ಸಿನ್ ಹರಿದು ಒಳಗಿನ ನಾರು ಬೆನ್ನಿಗೆ ಚುಚ್ಚುತ್ತಿತ್ತು. ಅವ್ವನನ್ನು ಹೊರಗೇ ನಿಲ್ಲಿಸಿದರು. ಪಕ್ಕದ ಮೇಜಿನ ಮೇಲೆ ಒಬ್ಬಳಿದ್ದಳು, ಎಲ್ಲಿಯವಳೋ, ಹದಿನೆಂಟೋ ಹತ್ತೊಂಬತ್ತೋ. ಯವ್ವಾ ಯವ್ವಾ ಎಂದು ಕೂಗುತ್ತಿದ್ದಳು. ಸಿಸ್ಟರ್ ಬಂದು ಅವಳ ತೊಡೆಗೆ ಬಾರಿಸಿದಳು. "ಗಂಡನ ಮಗ್ಗಲಾಗ ಮಲಗುವಾಗ ಹಿಂಗ ಕೂಗಿದ್ದೇನು?" ಅಂದಳು. ಆಯಾ ನಕ್ಕಳು. ಆ ಹುಡುಗಿ ಮತ್ತೆ ಕೂಗಿದಳು, ಸಿಸ್ಟರ್ ಮತ್ತೆ ಬಾರಿಸಿದಳು. ಆ ಬೆರಳಿನ ಗುರುತು ನನಗೆ ಕಾಣುತ್ತಿತ್ತು.

ನಾನು ಆಗಷ್ಟೇ ನೌಕರಿಗೆ ಸೇರಿದ್ದೆ. ಟೀಚರ್. ನನಗೆ ಯಾರೂ ಹೊಡೆಯಕೂಡದು ಎಂದುಕೊಂಡೆ. ಸೆರಗು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡೆ. ಗೋಡೆಯ ಮೇಲೆ ಹಲ್ಲಿಯೊಂದಿತ್ತು, ಅದನ್ನು ನೋಡುತ್ತ ಮನಸ್ಸಿನಲ್ಲಿ ವರ್ಗ ಹೇಳಿಕೊಂಡೆ. ಹದಿಮೂರರ ವರ್ಗ ನೂರ ಅರವತ್ತೊಂಬತ್ತು. ಹದಿನೇಳರದ್ದು ಇನ್ನೂರ ಎಂಬತ್ತೊಂಬತ್ತು. ಇಪ್ಪತ್ತೇಳರ ವರ್ಗಕ್ಕೆ ಬಂದಾಗ ಹೊಳೆಯಲಿಲ್ಲ. ಗಣಿತದ ಟೀಚರಿಗೆ ಇಪ್ಪತ್ತೇಳರ ವರ್ಗ ಹೊಳೆಯಲಿಲ್ಲ. ಹಲ್ಲಿ ಕೂಡ ಎತ್ತಲೋ ಹೋಗಿಬಿಟ್ಟಿತ್ತು. ಆಮೇಲೆ ಮಗು ಅತ್ತದ್ದು ಕೇಳಿಸಿತು.

ಸಿಸ್ಟರ್ ಹೊರಗೆ ಹೋಗಿ ಅವ್ವನಿಗೆ, "ನಿಮ್ಮ ಮಗಳು ಶಾಣ್ಯಾಕಿ, ಕುಂಯ್ ಅನ್ನಲಿಲ್ಲ," ಅಂದಳಂತೆ. ಅವ್ವ ಅದನ್ನು ಬಾಗಳಿಯ ತುಂಬ ಹಂಚಿದಳು, ಸಕ್ಕರೆ ಹಂಚಿದಂತೆ. ಊರಿನ ಮಂದಿ ನನ್ನನ್ನು ನೋಡಲು ಬಂದರು. ಕಚ್ಚಿ ಹಿಡಿದು ಹಿಡಿದು ದವಡೆ ಹಲ್ಲೊಂದು ಸೀಳಿತ್ತು, ಸೋಮಶೇಖರನಿಗೆ ಹಾಲು ಬಿಡಿಸಿದ ಮೇಲೆ ಕೀಳಿಸಿದೆ.

ಇನ್ನೊಂದು ಮಗು ಬೇಡ ಎಂದೆ ಯಜಮಾನರಿಗೆ. ನೌಕರಿ ಇದೆಯಲ್ಲ ಎಂದೆ. ಅವರು ಹೂಂ ಅಂದರು. ಪೇಪರು ಓದುತ್ತಿದ್ದರು.

ಆ ಸಿಸ್ಟರಿಗೆ ನನ್ನ ಮೇಲೆ ಕೈ ಮಾಡಲು ಅವಕಾಶವನ್ನೇ ಕೊಡಲಿಲ್ಲ ಎಂದು ಬರೆಯಲು ಕೂತಿದ್ದೆ. ಕೊಡಲಿಲ್ಲ. ಅಷ್ಟೇ. ಇಷ್ಟು ಉದ್ದ ಯಾಕಾಯಿತೋ.

ಅಮೃತಾ ಈಗ ಪಡಸಾಲೆಯಲ್ಲಿ ಚೆಂಡಿನ ಮೇಲೆ ಕೂತಿದ್ದಾಳೆ. ನಿನ್ನೆಯಿಂದ ಆ ಎಮ್ಮೆ ಕೂಗನ್ನು ಬಿಟ್ಟಿದ್ದಾಳೆ. ಮನೆ ಶಾಂತವಾಗಿದೆ. ನನಗೆ ಬೇಕಾದದ್ದೂ ಅದೇ.

ಡಿಸೆಂಬರ್ 19, ಗುರುವಾರ

ಹರಪನಹಳ್ಳಿಗೆ ತೋರಿಸಲು ಹೋಗಿದ್ದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ಸಾಸಿವೆ ಕಾಳಿನಷ್ಟು. ಮಗು ಚೆನ್ನಾಗಿದೆ, ತಲೆ ಕೆಳಗಿದೆ ಅಂದಳು. ನೋವಿಗೆ ಸಾದಾ ಇಂಜೆಕ್ಷನ್ ಇಲ್ಲಿದೆಯಂತೆ, ಬೆನ್ನಿಗೆ ಹಾಕುವುದಕ್ಕಾದರೆ ಮೊದಲೇ ದಾವಣಗೆರೆಗೆ ಹೋಗಬೇಕಂತೆ. ಅಮೃತಾ ಎರಡೂ ಬೇಡ ಅಂದಳು. ಮೊದಲನೆಯ ಬ್ಯಾನಿಗೇ ಸೂಜಿ ಕೇಳುತ್ತಾಳೆ, ಬರೆದಿಟ್ಟುಕೊಳ್ಳಬಹುದು. ಬರೆದಿದ್ದೇನೆ.

ಒಳಗೆ ಒಬ್ಬ ಹೆಂಗಸು ಜೊತೆಗೆ ಇರಬಹುದಂತೆ. ಹೆರಿಗೆ ಕೋಣೆ ತೋರಿಸಿ ಎಂದೆ. ಸಿಸ್ಟರ್ ಕರೆದುಕೊಂಡು ಹೋದಳು. ಮಂಚ ನೋಡಿದೆ, ರೆಕ್ಸಿನ್ ಕೈಯಿಂದ ಒತ್ತಿ ನೋಡಿದೆ.

"ಇಲ್ಲಿ ಹೊಡಿತೀರೇನು?" ಎಂದು ಕೇಳಿದೆ.

"ಏನ್ರೀ ಅಮ್ಮಾರ?"

"ಕೂಗಿದೋರಿಗೆ. ಹೊಡಿತೀರೇನಂತ ಕೇಳಿದೆ."

ಅವಳ ಮುಖ ಕೆಂಪಾಯಿತು. "ನಮ್ಮನ್ನೇನಂತ ತಿಳದೀರಿ?" ಅಂದಳು. ಏನಂತ ತಿಳಿದಿದ್ದೇನೆಂದು ಹೇಳಲಿಲ್ಲ. ಬರುವಾಗ ಕಾರಿನಲ್ಲಿ ಸೋಮಶೇಖರ್, "ಅವ್ವಾ, ಹಂಗ ಕೇಳ್ತಾರೇನು ಯಾರಾದ್ರೂ?" ಅಂದ. ಇವನಿಗೆ ಬ್ರೇಕ್ ಲೈನರ್ ಬಗ್ಗೆ ಮಾತ್ರ ತಿಳುವಳಿಕೆ.

ಡಿಸೆಂಬರ್ 29, ಭಾನುವಾರ

ಪ್ರಿಯಾ ಬರುವ ವಾರ ಇರುವುದಿಲ್ಲವಂತೆ. ಅಕ್ಕನ ಮದುವೆ. "ಅಮೃತಾ ಅಕ್ಕಂದು ಸಂಕ್ರಾಂತಿ ಆದಮ್ಯಾಲ ಐತಿ ಡೇಟು, ಅಷ್ಟರಾಗ ಬಂದಬಿಡ್ತೀನ್ರಿ ಮೇಡಂ." ಜವಾಬ್ದಾರಿ ಇಲ್ಲದ ತಲೆಮಾರು. ಮಕ್ಕಳು ಡೇಟು ನೋಡಿಕೊಂಡು ಹುಟ್ಟುತ್ತವೆಯೇ?

ಅದಕ್ಕೇ ಇವತ್ತು ಎಲ್ಲವನ್ನೂ ನನ್ನಿಂದ ಒಪ್ಪಿಸಿಕೊಂಡಳು. ಎಲ್ಲಿ ಒತ್ತುವುದು, ಯಾವಾಗ ಎಬ್ಬಿಸಿ ನಡೆಸುವುದು, ಯಾವಾಗ ನೀರು ಕುಡಿಸುವುದು. ನಾನು ತಪ್ಪದೆ ಹೇಳಿದೆ.

"ನೂರಕ್ಕ ಎಷ್ಟು?" ಎಂದು ಕೇಳಿದೆ.

"ತೊಂಬತ್ತು ಮೇಡಂ."

"ಹತ್ತು ಎಲ್ಲಿಗೆ ಹೋತು?"

"ಬಾಯಿಗೆ. ನೀವು ಬಾಯಿ ಸಡಲ ಬಿಡಂಗಿಲ್ಲ. ನಿಮ್ಮನ್ನ ನೋಡಿ ಅಕ್ಕನೂ ಬಿಡಂಗಿಲ್ಲ."

ಮೂವತ್ತು ವರ್ಷ ಅಂಕ ಕೊಟ್ಟವಳಿಗೆ ಅಂಕ ಕಡಿಯುತ್ತಾಳೆ. ಆದರೂ ಚಹಾ ಎರಡು ಸಲ ಕುಡಿದಳು, ಹೋಗುವಾಗ ಶೇಂಗಾ ಹೋಳಿಗೆ ಕಟ್ಟಿಕೊಟ್ಟೆ. ಮದುವೆ ಮನೆಯಲ್ಲಿ ಕೆಲಸ ಮಾಡುವವರಿಗೆ ಊಟ ಸಿಗುವುದಿಲ್ಲ.

ಜನವರಿ 3, ಶುಕ್ರವಾರ

ಬೆಳಗಿನ ಚಹಾಕ್ಕೆ ನೀರಿಟ್ಟಿದ್ದೆ. ಅಮೃತಾಳ ಗರ್ಭದ ನೀರು ಒಡೆಯಿತು. ಪ್ರಿಯಾ ಮದುವೆಯಲ್ಲಿದ್ದಾಳೆ. ಹೊರಟಿದ್ದೇವೆ.

ಜನವರಿ 5, ಭಾನುವಾರ

ಮೊನ್ನೆಯದನ್ನು ಈಗ ಬರೆಯುತ್ತಿದ್ದೇನೆ. ಆಸ್ಪತ್ರೆಯಲ್ಲೇ ಇದ್ದೇವೆ. ಅಮೃತಾಳಿಗೂ ಅವಳ ಮಗ್ಗುಲಿನದಕ್ಕೂ ಕಣ್ಣು ಹತ್ತಿದೆ.

ಹರಪನಹಳ್ಳಿಯ ದಾರಿಯಲ್ಲಿ ಸೋಮಶೇಖರ್ ಒಂದು ರೋಡ್ ಹಂಪನ್ನೂ ಬಿಡಲಿಲ್ಲ, ಎಲ್ಲವನ್ನೂ ಮಾತಾಡಿಸಿಕೊಂಡು ಹೋದ. ಯಜಮಾನರು ಗಾಬರಿಯಲ್ಲಿ ಟೀವಿಯ ರಿಮೋಟನ್ನು ಕೈಯಲ್ಲಿ ಹಿಡಿದುಕೊಂಡೇ ಕಾರು ಹತ್ತಿದ್ದರು. ಇಬ್ಬರನ್ನೂ ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾನು ಒಳಗೆ ಹೋದೆ.

ಮೊದಮೊದಲು ಎಲ್ಲ ಪಾಠದ ಪ್ರಕಾರವೇ ನಡೆಯಿತು. ನಡೆಸಿದೆ, ಕೂರಿಸಿದೆ, ಬೆನ್ನು ಒತ್ತಿದೆ. ಬ್ಯಾನಿ ಬಂದಾಗ ಉಸಿರು ಬಿಡು ಎಂದೆ, ಬಿಟ್ಟಳು. ಆಮೇಲೆ ಬ್ಯಾನಿ ಜೋರಾದಂತೆ ಅವಳು ಸುಮ್ಮನಾದಳು. ಮಾತಿಲ್ಲ. ಸದ್ದಿಲ್ಲ. ಮೈಯೆಲ್ಲ ಹಲಗೆಯಂತೆ ಸೆಟೆದುಕೊಳ್ಳುವುದು, ಸಡಿಲವಾಗುವುದು, ಮತ್ತೆ ಸೆಟೆದುಕೊಳ್ಳುವುದು. ಸಿಸ್ಟರ್ ಬಂದವಳು, "ಎಷ್ಟು ಶಾಂತ ಅದಾರ ನೋಡ್ರಿ," ಅಂದಳು. ಇಂಥದ್ದೇ ಮಾತನ್ನು ಅವ್ವ ಬಾಗಳಿಯ ತುಂಬ ಹಂಚಿದ್ದಳು.

ಡಾಕ್ಟರಮ್ಮ ನೋಡಿ ಕೈಗವಸು ತೆಗೆದಳು. "ಗರ್ಭದ ಬಾಯಿ ಬೆಳಿಗ್ಗೆ ತೆರೆದಷ್ಟೇ ನಿಂತಿದೆ, ಮುಂದುವರಿದಿಲ್ಲ. ಮಗುವಿನ ಎದೆಬಡಿತ ಚೆನ್ನಾಗಿದೆ. ಇನ್ನೊಂದಿಷ್ಟು ಹೊತ್ತು ನೋಡೋಣ. ಹೀಗೇ ನಿಂತರೆ ಆಪರೇಷನ್ ಮಾಡಬೇಕಾಗುತ್ತೆ."

ಅವಳು ಆ ಕಡೆ ಹೋಗುತ್ತಲೇ ಅಮೃತಾ ನನ್ನ ಕೈ ಹಿಡಿದಳು. "ಅತ್ತಿ, ಆಗವಲ್ದು. ಸೂಜಿ ಕೊಡಸ್ರಿ."

ಇದನ್ನು ನಾನು ಮೊದಲೇ ಬರೆದಿಟ್ಟಿದ್ದೆ. ಕೇಳುತ್ತಾಳೆ ಎಂದು. ಅದು ನೆನಪಾದದ್ದು ಈಗ. ಆಗ ನಾನು ಚಪ್ಪಲಿ ಮೆಟ್ಟದೆ ಓಡಿದ್ದೆ. ಡಾಕ್ಟರಮ್ಮನನ್ನು ಮೆಟ್ಟಿಲ ಹತ್ತಿರ ಹಿಡಿದೆ. "ಸೂಜಿ ಕೊಡ್ರಿ ನನ್ನ ಸೊಸಿಗೆ. ಯಾವುದು ಐತೋ ಅದನ್ನ ಕೊಡ್ರಿ."

"ಕೊಡ್ತೀನಿ ಮೇಡಂ. ಆದರೆ ಅದು ನೋವನ್ನ ಪೂರ್ತಿ ತೆಗೆಯಲ್ಲ, ಮಂಪರು ಬರುತ್ತೆ. ಮಗುವಿಗೂ ಸ್ವಲ್ಪ. ಅವರನ್ನೇ ಒಂದು ಸಲ ಕೇಳಿ ಬನ್ನಿ, ಹೂಂ ಅಂದ್ರೆ ಬರ್ತೀನಿ."

ಕೇಳಲು ಬಂದೆ. ಬಂದಾಗ ಬ್ಯಾನಿ ಏರುತ್ತಿತ್ತು. ಹಾಸಿಗೆ ಬಟ್ಟೆಯ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದಳು. ಕಣ್ಣು ಗೋಡೆಯ ಮೇಲೆ.

ಆ ಗೋಡೆಯ ಮೇಲೆ ಏನೂ ಇರಲಿಲ್ಲ. ಆದರೂ ನಾನು ನೋಡಿದೆ.

"ತಗಿ ಅದನ್ನ," ಅಂದೆ. ತೆಗೆಯಲಿಲ್ಲ. ನಾನೇ ಎಳೆದೆ. ಎಂಜಲು ಅಂಟಿದ ಬಟ್ಟೆಯ ಮೇಲೆ ಹಲ್ಲಿನ ಗುರುತು.

"ಯಾಕ ಹಿಂಗ ಮಾಡ್ತಿ? ಕೂಗು. ಪ್ರಿಯಾ ಏನು ಹೇಳಿದ್ಲು?"

"ನೀವು ಕೂಗಲಿಲ್ಲಲ್ರಿ," ಅಂದಳು. ದನಿಯೇ ಇರಲಿಲ್ಲ. "ಅತ್ತಿ ಹಂಗ, ಸೊಸಿ ಹಿಂಗ ಅಂತಾರ. ನಾ ಕೂಗಂಗಿಲ್ಲ."

ಮರ್ಯಾದೆಯ ಬಗ್ಗೆ ಗೀತಮ್ಮ ಹೇಳಿದ್ದಕ್ಕೆ ಉತ್ತರ ನನ್ನ ಹತ್ತಿರ ಇತ್ತು. ಆದರೆ ಬಾಯಿಗೆ ಬಂದದ್ದು ಬೇರೆ.

"ನಾ ಹೆದರಿದ್ದೆನವಾ. ಹೊಡಿತಾರಂತ ಹೆದರಿ ಸುಮ್ಮಕಿದ್ದೆ. ಅದರಾಗ ಇನ್ನೇನೂ ಇದ್ದಿಲ್ಲ. ನನ್ನ ಹಲ್ಲು ಸೀಳಿತು. ನಿಂದು ಸೀಳೋದು ಬ್ಯಾಡ. ಕೂಗು ನನ್ನವ್ವ."

ಅವಳು ನನ್ನನ್ನೇ ನೋಡಿದಳು. ಬಾಯಿ ತೆರೆದಳು. ಸದ್ದು ಬರಲಿಲ್ಲ. ಇಷ್ಟು ದಿನ ಮುಚ್ಚಿಸಿದ ಬಾಯಿ ನಾನು ಹೂಂ ಎಂದ ಕೂಡಲೇ ಹೇಗೆ ತೆರೆಯುತ್ತದೆ? ಅಷ್ಟರಲ್ಲಿ ಮುಂದಿನ ಬ್ಯಾನಿ ಬಂತು. ಅವಳ ಬೆರಳುಗಳು ನನ್ನ ಮುಂಗೈಯನ್ನು ಬಳೆ ಸಮೇತ ಹಿಚುಕಿದವು. ಮತ್ತೆ ದವಡೆ ಬಿಗಿಯಿತು.

ನಾನು ಕೂಗಿದೆ.

ಹೇಗೆ ಕೂಗಿದೆನೋ ತಿಳಿಯದು. ಪ್ರಿಯಾ ಹೇಳಿದ್ದು ಹೊಟ್ಟೆಯಿಂದ ಎಂದು. ಇದು ಅದಕ್ಕಿಂತ ಕೆಳಗಿನಿಂದ ಬಂತು. ನಿವೃತ್ತ ಟೀಚರ್, ಹಣೆಯ ತುಂಬ ವಿಭೂತಿ, ಹರಪನಹಳ್ಳಿಯ ನರ್ಸಿಂಗ್ ಹೋಮಿನಲ್ಲಿ ನಿಂತು ಎಮ್ಮೆಯಂತೆ ಒದರಿದೆ. ನಿಲ್ಲಿಸೋಣವೆಂದರೆ ನಿಲ್ಲಲಿಲ್ಲ. ಉಸಿರು ಮುಗಿದು ಮತ್ತೆ ಉಸಿರು ಎಳೆದುಕೊಂಡು ಮತ್ತೆ ಒದರಿದೆ. ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು. ಆ ಕೋಣೆಯಲ್ಲಿ ಡೆಟ್ಟಾಲ್ ವಾಸನೆ ಬಹಳ.

ಸಿಸ್ಟರ್ ಓಡಿ ಬಂದಳು. "ಅಮ್ಮಾರ, ಪೇಷಂಟ್ ಯಾರು? ನೀವೋ ಅವರೋ?"

ಅಮೃತಾ ನಕ್ಕಳು. ಆ ಸ್ಥಿತಿಯಲ್ಲಿ! ನಕ್ಕ ಬಾಯಿ ತೆರೆದೇ ಇತ್ತು. ಅಷ್ಟರಲ್ಲಿ ಮತ್ತೊಂದು ಬ್ಯಾನಿ ಬಂತು, ಅವಳಿಂದಲೂ ದನಿ ಹೊರಟಿತು. ದಪ್ಪ, ಉದ್ದ, ಕೆಟ್ಟ ದನಿ. ಹೂಂ, ಹಂಗ, ಇನ್ನೂ ಕೂಗು ಅಂದೆ. ಆಮೇಲೆ ಇಬ್ಬರೂ ಕೂಡಿ. ನಾನು ಸೊಂಟ ಒತ್ತುತ್ತ ಕೂಗುವುದು, ಅವಳು ಮಂಚದ ಕಂಬಿ ಹಿಡಿದು ಕೂಗುವುದು. ಸಿಸ್ಟರ್ ಬಾಗಿಲು ಮುಚ್ಚಿದಳು. ಹೊಡೆಯಲಿಲ್ಲ, ಅಷ್ಟು ಒಪ್ಪಿಕೊಳ್ಳಬೇಕು. ಒದ್ದೆ ಬಟ್ಟೆ ತಂದು ಅಮೃತಾಳ ಮುಖ ಒರೆಸಿದಳು. ನನ್ನದನ್ನೂ.

ಸೂಜಿಯ ಮಾತು ಇಬ್ಬರಿಗೂ ಮರೆತೇ ಹೋಗಿತ್ತು. ಡಾಕ್ಟರಮ್ಮ ತಾನಾಗಿ ಬಂದು ನೋಡಿ, "ಪೂರ್ತಿ ತೆರೆದಿದೆ. ಇನ್ನು ತಿಣುಕಬಹುದು," ಅಂದಳು.

ಕೊನೆಗೆ ಅಮೃತಾ "ಯವ್ವಾ" ಎಂದು ಕೂಗಿದಳು. ಕರೆದದ್ದು ನನ್ನನ್ನಲ್ಲ, ನನಗೆ ಗೊತ್ತು. ಆದರೂ ಓ ಅಂದೆ. ಓಗೊಡಲು ಅಲ್ಲಿ ಬೇರೆ ಯಾರಿದ್ದರು?

ಸಂಜೆ ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಮಗು. ಮೂಗು ಸೋಮಶೇಖರನದು, ಏನು ಮಾಡುವುದು.

ಕೂಗಿದ್ದರಿಂದ ಆಯಿತೇ ಎಂದು ಡಾಕ್ಟರಮ್ಮನನ್ನು ಕೇಳಿದೆ. "ಇರಬಹುದು, ಇಲ್ಲದಿರಬಹುದು ಮೇಡಂ. ಅದರ ಹೊತ್ತಿಗೆ ಅದು ಆಗಿದ್ದರೂ ಆಗಿರಬಹುದು," ಅಂದಳು. ಇಷ್ಟು ವರ್ಷ ಓದಿ ಇದು ಉತ್ತರ. ಹೊರಗೆ ಬಂದರೆ ಸೋಮಶೇಖರ್ ಗೋಡೆಗೆ ಮುಖ ಮಾಡಿ ಅಳುತ್ತ ನಿಂತಿದ್ದ. ಯಜಮಾನರು ನನ್ನ ಮುಂಗೈಯ ಗಾಯ ನೋಡಿದರು. ಬಳೆ ಒಡೆದು ಚುಚ್ಚಿಕೊಂಡಿತ್ತು, ನಾನು ನೋಡಿರಲಿಲ್ಲ.

"ಅವಾಗ ಒದರಿದಾಕಿ ನೀನ ಏನು?" ಎಂದು ಕೇಳಿದರು.

ಹೂಂ ಎಂದೆ.

ಅವರು ಕೈಯಲ್ಲಿದ್ದ ರಿಮೋಟನ್ನು ಬೆಂಚಿನ ಮೇಲೆ ಇಟ್ಟರು. ಆಮೇಲೆ, "ಸೋಮೂ ಹುಟ್ಟಿದಾಗ ನಾ ಹೊರಗ ನಿಂತಿದ್ದೆ. ಬ್ಯಾರೇದಾಕಿ ಕೂಗು ಕೇಳಸ್ತಿತ್ತು, ನಿಂದು ಕೇಳಸಲಿಲ್ಲ. ನೀ ಸತ್ತೇನೋ ಅಂದಕೊಂಡಿದ್ದೆ," ಅಂದರು.

ಮೂವತ್ತೊಂದು ವರ್ಷಕ್ಕೆ ಒಂದು ಮಾತು. ಈ ಮನುಷ್ಯನ ಜೊತೆ ಸಂಸಾರ ಮಾಡಿದ್ದೇನೆ.

ಜನವರಿ 9, ಗುರುವಾರ

ಮೊನ್ನೆ ಮನೆಗೆ ಬಂದೆವು. ನನ್ನ ಗಂಟಲು ಪೂರ್ತಿ ಹೋಗಿದೆ, ಮೆಣಸಿನ ಕಷಾಯ ಕುಡಿಯುತ್ತಿದ್ದೇನೆ. ಬಾಣಂತಿಗೆ ಒಂದು ಕಷಾಯ, ಅತ್ತೆಗೆ ಒಂದು. ಪ್ರಿಯಾ ಬೆಳಿಗ್ಗೆ ಬಂದು ಅಮೃತಾಳನ್ನೂ ಮಗುವನ್ನೂ ನೋಡಿ ಅತ್ತಳು. ಅಳುವುದಕ್ಕೆ ಏನಿತ್ತೋ. ಅವಳ ಪಾಠದಲ್ಲಿ ಜೊತೆಗಾರರು ಬಳೆ ಬಿಚ್ಚಿಟ್ಟು ಒಳಗೆ ಹೋಗಬೇಕು ಎಂಬುದನ್ನು ಸೇರಿಸಿಕೊಳ್ಳಲು ಹೇಳಿದೆ. ಊಟ ಮಾಡಿಕೊಂಡು ಹೋದಳು.

ಸಂಜೆ ಗೀತಮ್ಮ ಬಂದಳು. ಮಗುವನ್ನು ನೋಡಿದಳು, ಹೆಣ್ಣಾ ಅಂದಳು, ಚಹಾ ಕೈಗೆತ್ತಿಕೊಂಡಳು. ಬಂದ ಕೆಲಸ ಆಮೇಲೆ ಹೊರಬಿತ್ತು.

"ನಮ್ಮ ಅಣ್ಣಾರ ಸೊಸಿ ಅವತ್ತ ಅದ ದವಾಖಾನಿಗೆ ಬಂದಿದ್ಲಂತ್ರಿ. ಕೆಳಗಿನ ಔಷಧ ಅಂಗಡಿ ತನಕ ಕೇಳಿಸಿತಂತ ನಿಮ್ಮ ಸೊಸಿ ಕೂಗು. ಎಷ್ಟು ಚೀರ್ತಾಳವಾ ಆ ಕೊಟ್ಟೂರಾಕಿ ಅಂತ ಮಂದಿ ಅಂತಿದ್ರಂತ. ನಿಮ್ಮಂಥಾಕಿ ಸೊಸಿ ನೋಡ್ರಿ, ಏನು ಮಾಡೋದು."

ಒಳಗಿನ ಕೋಣೆಯಲ್ಲಿ ಅಮೃತಾ ಮಗುವಿಗೆ ಹಾಲು ಕೊಡುತ್ತಿದ್ದಳು. ಬಾಗಿಲು ತೆರೆದಿತ್ತು.

"ಅದು ಅಕಿ ಅಲ್ಲ," ಅಂದೆ. "ನಾನು."

ಗೀತಮ್ಮ ಚಹಾ ಬಾಯಲ್ಲಿ ಇಟ್ಟುಕೊಂಡೇ ಕೂತಳು. ನುಂಗಿದ ಮೇಲೆ, "ನೀವು? ನಿಮಗ್ಯಾಕ್ರಿ ಕೂಗು ಬಂತು?"

"ಬಾಕಿ ಇತ್ತು," ಅಂದೆ.

ಯಾಕೆ ಹಾಗಂದೆನೋ. ಗಂಟಲು ಇದ್ದಿದ್ದರೆ ಇನ್ನೂ ಉದ್ದ ಹೇಳಬೇಕಾಗುತ್ತಿತ್ತು, ಅದಕ್ಕಿರಬೇಕು. ಗೀತಮ್ಮ ಲೋಟ ಇಟ್ಟು ಎದ್ದಳು. ನಾಳೆ ಸಂಜೆಯೊಳಗೆ ಊರಿಗೆಲ್ಲ ಹೇಳುತ್ತಾಳೆ. ಹೇಳಲಿ. ಅವಳಿಗಾದರೂ ಒಂದು ಕೆಲಸ ಬೇಕಲ್ಲ.

ಅವಳು ಗೇಟು ದಾಟುವ ಮೊದಲೇ ಒಳಗಿನಿಂದ ನಗು ಬಂತು. "ನಗಸಬ್ಯಾಡ್ರಿ ಅತ್ತೀ, ಕೆಳಗ ಹಾಕಿದ ಹೊಲಿಗಿ ಜಗ್ತಾವ," ಎಂದು ಅಮೃತಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಹಸಿ ಬಾಣಂತಿ ಹೀಗೆಲ್ಲ ನಗಬಾರದು. ಹೋಗಿ ಬೈದೆ. ಗಂಟಲಿನಿಂದ ಗಾಳಿಯಷ್ಟೇ ಹೊರಟಿತು. ಅದನ್ನು ನೋಡಿ ಇನ್ನೂ ನಕ್ಕಳು.